ಕೊನೆಯ ಪುಟದ ಮುದ್ರೆ

ಹಳಿಯಾಳ
೯ ಜನವರಿ ೧೯೪೯

ಪ್ರೀತಿಯ ಮನ್ಸೂರ ಮಾಮೂ ಅವರಿಗೆ, ನಿಮ್ಮ ತಂಗಿಯ ಮಗಳು ಹಬೀಬಾಳ ಸಲಾಂ.

ಅಮ್ಮಿಯ ಮೊಣಕಾಲು ನೋವು ಕಡಿಮೆಯಾಗಿದೆ. ನೀವು ಕಲಕತ್ತೆಯಿಂದ ಕಳಿಸಿದ ಪುಸ್ತಕದ ಪೆಟ್ಟಿಗೆ ಮುಟ್ಟಿತು. ನಮ್ಮ ವಾಚನಾಲಯಕ್ಕೆ ಇನ್ನೊಂದು ಕಪಾಟು ಬೇಕು.

ದೇಶದ ಅತಿ ದೊಡ್ಡ ಗ್ರಂಥಾಲಯಕ್ಕೆ ನೀವು ಮುಖ್ಯಸ್ಥರಾದಿರೆಂದು ಮುಂದಿನ ತಿಂಗಳು ಊರವರು ಸನ್ಮಾನ ಮಾಡುತ್ತಾರಲ್ಲ, ಆ ಸಭೆಯಲ್ಲಿ ಓದಲು ನಿಮ್ಮ ಚರಿತ್ರೆ ಬರೆಯುವ ಕೆಲಸ ನನಗೆ ಬಂದಿದೆ. ಆರನೆಯ ಇಯತ್ತೆಗೆ ಶಾಲೆ ಬಿಟ್ಟವಳು ಏನು ಬರೆದಾಳು ಎಂದು ಅಮ್ಮಿ ನಕ್ಕಳು. ಬರೆದೆ. ದಾಂಡೇಲಿಯ ನಾಟಾ ಡಿಪೋದಲ್ಲಿ ನಿಮ್ಮ ಅಬ್ಬಾ, ನನ್ನ ನಾನಾ, ಪ್ರತಿ ದಿಮ್ಮಿಯ ಎರಡೂ ತುದಿಗೆ ಸುತ್ತಿಗೆಯಿಂದ ಮುದ್ರೆ ಹೊಡೆಯುತ್ತಿದ್ದದ್ದು, ಕಳ್ಳರು ಒಂದು ತುದಿ ಕೊಯ್ದರೂ ಇನ್ನೊಂದು ಸಾಕ್ಷಿ ಹೇಳುತ್ತಿದ್ದದ್ದು. ಅದನ್ನು ನೋಡಿ ನೀವು ಹುಡುಗರಾಗಿದ್ದಾಗಲೇ ಶಾಲೆಯ ಪುಸ್ತಕಗಳ ಮೊದಲ ಪುಟಕ್ಕೂ ಕೊನೆಯ ಪುಟಕ್ಕೂ ಮುದ್ರೆ ಒತ್ತಿದ್ದು. ಮುಂದೆ ಪುಣೆ, ಮುಂಬಯಿಯಲ್ಲೂ ಅದೇ ಪದ್ಧತಿ ಹಾಕಿದ್ದು. ಬರಿಗಾಲಲ್ಲಿ ಬಂದವರನ್ನು ಗ್ರಂಥಾಲಯದ ಬಾಗಿಲಲ್ಲಿ ತಡೆಯಬಾರದೆಂದು ಮೇಲಿನವರ ಜೊತೆ ಜಗಳಾಡಿದ್ದು. ಎಲ್ಲ ಸರಾಗವಾಗಿ ಬಂತು.

ನಿಮ್ಮ ಕೈಗೆ ಬಂದ ಮೊದಲ ಪುಸ್ತಕದ ಹತ್ತಿರ ಲೇಖನಿ ನಿಂತಿತು. ಆ ಹಡಗಿನ ಕಥೆಯನ್ನು ಅಂದಾನೆಪ್ಪ ಮಾಸ್ತರರು ಬಹುಮಾನವಾಗಿ ಕೊಟ್ಟರೆಂದು ನೀವು ಎಲ್ಲ ಭಾಷಣದಲ್ಲೂ ಹೇಳುತ್ತೀರಿ. ಕಳೆದ ಮಳೆಗಾಲದಲ್ಲಿ, ನೀವು ಮನೆಯಲ್ಲೇ ಬಿಟ್ಟುಹೋದ ಆ ಪುಸ್ತಕದ ಹೊಲಿಗೆ ಬಿಚ್ಚಿತ್ತು, ಸರಿಮಾಡಲು ಕುಳಿತೆ. ಮೊದಲ ಪುಟವೇ ಇಲ್ಲ. ಕೊನೆಯ ಪುಟಕ್ಕೆ ಅಂಟಿಸಿದ್ದ ಚೀಟಿ ತೇವಕ್ಕೆ ಕಿತ್ತು ಕೈಗೆ ಬಂತು. ಕೆಳಗೆ ಶಾಲೆಯ ಮುದ್ರೆ. ಆ ಪುಟವನ್ನೂ ನೀವು ಹರಿಯಬಹುದಿತ್ತು, ಮಾಮೂ. ಆದರೆ ಹಡಗು ದಡ ಸೇರುವುದು ಅದೇ ಪುಟದಲ್ಲಿ. ಹರಿಯಲು ನಿಮಗೆ ಕೈ ಬರಲಿಲ್ಲ. ಅದಕ್ಕೇ ನನಗೆ ಪೂರಾ ಸಿಟ್ಟಾಗಲೂ ಆಗಲಿಲ್ಲ.

ಆದರೆ ಆ ಪುಸ್ತಕ ಕದ್ದನೆಂದು ಶಾಲೆಯಿಂದ ಹೊರಹಾಕಿದ್ದು ನಿಮ್ಮ ಗೆಳೆಯ ಲುಯಿಸ್ ಚಾಚಾನನ್ನು. ಸಿದ್ದಿಯರ ಹುಡುಗ, ಇವನೇ ಇರಬೇಕು ಎಂದರಂತೆ. ನಾನು ಶಾಲೆ ಬಿಟ್ಟದ್ದು ನನ್ನ ಹಟಕ್ಕೆ. ಅವನನ್ನು ಬಿಡಿಸಿದರು, ಅಕ್ಷರ ಅಲ್ಲಿಗೇ ನಿಂತವು. ಈಗಲೂ ದಿನಾ ಬಂದು ವಾಚನಾಲಯದ ಮೆಟ್ಟಿಲ ಮೇಲೆ ಕೂತು ನನ್ನಿಂದ ಪತ್ರಿಕೆ ಓದಿಸಿಕೊಳ್ಳುತ್ತಾನೆ. ಒಳಗೆ ಕರೆದರೆ, "ಬ್ಯಾಡವಾ, ನಾಳೆ ಒಂದ ಪುಸ್ತಕ ಕಡಿಮಿ ಬಿತ್ತಂದ್ರ ಮತ್ತ ನನ್ನ ಹೆಸರ ಬರ್ತೈತಿ," ಎಂದು ನಗುತ್ತಾನೆ.

ಬಹುಮಾನ ಎಂದು ಓದಲು ನನ್ನಿಂದಾಗದು. ಕಳವು ಎಂದು ಓದಲು ಮನಸ್ಸಿಲ್ಲ. ಅದನ್ನು ಹೇಳಬೇಕಾದವರು ನೀವು. ಆ ಜಾಗ ಖಾಲಿ ಬಿಟ್ಟಿದ್ದೇನೆ. ಅಲ್ಲಿಗೆ ಬಂದಾಗ ನಾನು ನಿಲ್ಲಿಸುತ್ತೇನೆ. ನೀವು ಏಳಬೇಕು. ಏಳದಿದ್ದರೂ ನೀವು ನನ್ನ ಮಾಮೂನೇ, ಆದರೆ ಮುಂದಿನ ಸಾಲು ನಾನು ಓದುವುದಿಲ್ಲ.

ನಿಮ್ಮ ಹಟಮಾರಿ
ಹಬೀಬಾ

ತಾ.ಕ.: ಕೇಳದೆ ಕಳಿಸುವುದು ಸರಿಯಲ್ಲವೆಂದು ಈ ಪತ್ರವನ್ನು ಲುಯಿಸ್ ಚಾಚಾನಿಗೆ ಓದಿ ಹೇಳಿದೆ. ನೀವು ಪುಸ್ತಕವನ್ನು ಅಂಗಿಯೊಳಗೆ ಸೇರಿಸಿದ್ದನ್ನು ಅವನು ಅಂದೇ ನೋಡಿದ್ದನಂತೆ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಅಂವಾ ದಿನಾ ಹಾದ್ಯಾಗ ನನಗ ಆ ಪುಸ್ತಕದ ಕಥಿ ಒಂದೀಟ ಹೇಳತಿದ್ದ. ಬಿರುಗಾಳಿ ತನಕಾ ಬಂದಿತ್ತು. ನನ್ನ ಹೊರಗ ಹಾಕಿದ ಮ್ಯಾಲೆ ಮಾರಿ ತೋರಸಲಿಲ್ಲ. ಹಡಗ ದಂಡಿ ಮುಟ್ತೋ ಇಲ್ಲೋ, ಬಂದು ಹೇಳಂತ ಬರಿ," ಎಂದ. ಆ ಪುಸ್ತಕ ಅವನು ಓದಲಿಲ್ಲವಲ್ಲ, ಕೊನೆಯನ್ನು ನಿಮ್ಮ ಬಾಯಿಂದಲೇ ಕೇಳಲಿ ಎಂದು, ಪತ್ರ ಓದುವಾಗ ಹಡಗು ದಡ ಸೇರುವ ಸಾಲನ್ನು ನುಂಗಿಕೊಂಡಿದ್ದೆ. ನಾನು ಮುಚ್ಚಿಟ್ಟದ್ದು ಅದೊಂದೇ, ಅದು ನಿಮಗಾಗಿ.