‘ಸದ್ಯಕ್ಕೆ ಹೀಗಿರಲಿ’ ಎಂದು ಬರೆಯಲಿರುವವರಿಗೆ

ಫೆಬ್ರವರಿ 31, 2219
ಕಪ್ಪತಗುಡ್ಡದ ಇಳಿಜಾರು, ಗದಗ ಸೀಮೆ

ಹೆಸರು ಹಾಕದೆ ಹೋದ ಪ್ರೋಗ್ರಾಮರ್ ಅವರೇ,

ಮೇಲಿನ ತಾರೀಖು ನೋಡಿ ನಗಬೇಡಿ. ಅದು ನಿಮ್ಮ ಕಾಲದವರದೇ ಕೊಡುಗೆ. ಫೆಬ್ರವರಿಗೆ ಮೂವತ್ತೊಂದನೇ ತಾರೀಖು ಬರೆದರೂ ನಿಮ್ಮ ಯಾವುದೋ ಸಾಫ್ಟ್‌ವೇರ್ ಎರರ್ ಕೊಡದೆ ಒಪ್ಪಿಕೊಂಡಿತು. ಅದರ ಮೇಲೆ ಸಂಬಳ, ಪಿಂಚಣಿ, ರೈಲಿನ ವೇಳಾಪಟ್ಟಿ ಎಲ್ಲ ಕಟ್ಟಿಕೊಂಡು ಹೋದ ಮೇಲೆ ತಪ್ಪನ್ನು ಕೀಳುವುದಕ್ಕಿಂತ ಕ್ಯಾಲೆಂಡರ್ ಬದಲಿಸುವುದೇ ಸುಲಭ ಅನ್ನಿಸಿತಂತೆ. ಹಾಗಾಗಿ ನಮಗೆ ಈ ದಿನವಿದೆ, ಅದಕ್ಕೊಂದು ರಜೆಯೂ ಇದೆ. ನನ್ನ ಮಾತು ಅಲ್ಲಲ್ಲಿ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಪಾಠವೆಲ್ಲ ಇಂಗ್ಲಿಷಿನಲ್ಲಿ ಕಲಿತು, ಕನ್ನಡವನ್ನು ಹಾಸ್ಟೆಲ್ಲಿನ ಊಟದ ಸಾಲಿನಲ್ಲಿ ಕಲಿತವಳು ನಾನು. ಸಿಟ್ಟು ಬಂದರೆ ಎರಡೂ ಕಲಸಿಕೊಳ್ಳುತ್ತವೆ. ಈಗ ಬಂದಿದೆ.

ನಾನು ಕಾಳಿಂದಿ, ಪದರಶಾಲೆಯಲ್ಲಿ ಮೊದಲನೇ ವರ್ಷ. ನಿಮ್ಮ ಕಾಲದ ಸಾಫ್ಟ್‌ವೇರನ್ನು ನಾವು ‘ಹಳೆಪದರ’ ಎನ್ನುತ್ತೇವೆ. ಆಸ್ಪತ್ರೆ, ನೀರು, ವಿದ್ಯುತ್ತು ಎಲ್ಲವೂ ಅದರ ಮೇಲೆಯೇ ನಿಂತಿವೆ. ಅದನ್ನು ಪೂರ್ತಿ ಬಲ್ಲವರು ಯಾರೂ ಉಳಿದಿಲ್ಲ, ಕಿತ್ತು ಹೊಸದು ಹಾಕುವ ಧೈರ್ಯವೂ ಯಾರಿಗೂ ಇಲ್ಲ. ಅದರ ತಪ್ಪುಗಳನ್ನು ಹುಡುಕುವುದೇ ನಮ್ಮ ಓದು. ವರ್ಷಕ್ಕೊಮ್ಮೆ ಪ್ರತಿ ವಿದ್ಯಾರ್ಥಿಗೂ ಒಂದು ‘ಹಿನ್‌ಟಪಾಲು’ ಸಿಗುತ್ತದೆ, ಅಂದರೆ ಹಿಂದಿನ ಕಾಲಕ್ಕೆ ಒಂದು ಕಾಗದ. ಅದರಿಂದ ನಮ್ಮ ಕಾಲದಲ್ಲಿ ಏನೂ ಬದಲಾಗುವುದಿಲ್ಲ. ಕಾಗದ ತಲುಪಿದ ಕ್ಷಣದಿಂದ ನಿಮ್ಮ ಕಾಲ ಬೇರೆ ದಾರಿ ಹಿಡಿಯುತ್ತದೆ, ಅಷ್ಟೇ. ನನ್ನ ಕ್ಲಾಸಿನವರು ಹೆಚ್ಚಾಗಿ ನಿಮ್ಮ ಕಾಲದ ಮಾವಿನ ತಳಿಗಳ ರುಚಿ ಕೇಳಿ ಬರೆಯುತ್ತಾರೆ. ನಾನು ನಿಮ್ಮನ್ನು ಬೈಯಲು ಬರೆಯುತ್ತಿದ್ದೇನೆ.

ನನ್ನ ರೂಮ್‌ಮೇಟ್ ಫಿರ್ದೋಸ್‌ಗೆ ಒಬ್ಬಳು ಅಕ್ಕ ಇದ್ದಾಳೆ, ನಾಜ್ನೀನ್ ಆಪಾ. ಗುಡ್ಡದ ಮೇಲೆ ವಿದ್ಯುತ್ತು ಹುಟ್ಟಿಸುವ ಗಾಳಿಕಂಬಗಳನ್ನು ಹತ್ತಿ ರೆಕ್ಕೆ ರಿಪೇರಿ ಮಾಡುವವಳು. ಎರಡು ವರ್ಷದ ಹಿಂದೆ ಅವಳ ಎಲುಬಿನ ಮಜ್ಜೆ ರಕ್ತ ಹುಟ್ಟಿಸುವುದನ್ನು ನಿಲ್ಲಿಸಿತು. ಆಕಾಶದಲ್ಲಿ ಕೆಲಸ ಮಾಡುತ್ತಿದ್ದವಳಿಗೆ ಈಗ ಹಾಸ್ಟೆಲ್ಲಿನ ಮೆಟ್ಟಿಲು ಹತ್ತಲೂ ಆಗುವುದಿಲ್ಲ. ಹೊಂದುವ ಮಜ್ಜೆಯವರು ಒಬ್ಬರು ಸಿಕ್ಕರೆ ಬದುಕುತ್ತಾಳೆ. ದಾನ ಕೊಡಲು ಹೆಸರು ಬರೆಸಿದವರು ದೇಶದಲ್ಲಿ ಕೋಟಿಗಟ್ಟಲೆ ಇದ್ದಾರೆ, ಅವರೆಲ್ಲರ ವಿವರ ಆಸ್ಪತ್ರೆ ಜಾಲದ ಡೇಟಾಬೇಸಿನಲ್ಲಿದೆ. ಪ್ರತಿ ತಿಂಗಳೂ ಅಕ್ಕತಂಗಿ ಇಬ್ಬರೂ ಹಾಸ್ಟೆಲ್ಲಿನ ಕೆಳಮಹಡಿಯ ಪರದೆಯ ಮುಂದೆ ಕೂತು ಹುಡುಕುತ್ತಾರೆ. ಪ್ರತಿ ತಿಂಗಳೂ ಹಸಿರು ಅಕ್ಷರದಲ್ಲಿ, ಪಕ್ಕದಲ್ಲೊಂದು ಹೂವಿನ ಚಿತ್ರದ ಸಮೇತ, ಅದೇ ಉತ್ತರ: ‘ಹೊಂದುವವರು ಯಾರೂ ಇಲ್ಲ.’

“ಇಷ್ಟು ದೊಡ್ಡ ದೇಶದಾಗ ನನ್ನಂಥಾಕಿ ಇನ್ನೊಬ್ಬಾಕಿ ಇಲ್ಲಂದ್ರ, ನಾ ರಾಣಿನ ಅಲ್ಲೇನ ಮತ್ತ?” ಎಂದು ಆಪಾ ನಗುತ್ತಿದ್ದಳು. ಫಿರ್ದೋಸ್ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಅಳುತ್ತಿದ್ದಳು. ನಾನು ಇಬ್ಬರಿಗೂ ಚಹಾ ಮಾಡಿಕೊಡುತ್ತಿದ್ದೆ.

ಪರದೆಯ ಮೇಲೆ ಚಕ್ರ ತಿರುಗುವಷ್ಟು ಹೊತ್ತು ಆಪಾ ಕಂಬ ಹತ್ತುವವರ ಪದ ಹಾಡುತ್ತಾಳೆ. ಹೆಜ್ಜೆಗೊಂದು ಮಾತಿನಂತೆ ಒಂದೇ ಲಯದಲ್ಲಿ ಹಾಡುವ ಪದ ಅದು. ಲಯ ತಪ್ಪಿದರೆ ಕಾಲು ತಪ್ಪುತ್ತದೆ. “ಹತ್ತ ಹತ್ತ ಗಾಳಿಯಕ್ಕ, ಬಗ್ಗಿ ನೋಡಬ್ಯಾಡ, ಕೆಳಗ ಇದ್ದ ಊರಿಗೆಲ್ಲ ನೀನ ಹಚ್ಚು ದೀಪ...” ಹೀಗೆ ‘ದೀಪ’ಕ್ಕೆ ಮುಗಿಯುವ ನುಡಿಯ ಮೇಲೆ ನುಡಿ. ಜನವರಿಯಲ್ಲಿ ಒಮ್ಮೆ ಚಹಾ ಸೋಸುತ್ತಾ ಕೇಳಿಸಿಕೊಂಡೆ. ಮೂರನೇ ನುಡಿಯ ‘ದೀಪ’ ಎನ್ನುವಲ್ಲಿ ಉತ್ತರ ಬಂತು. ಫೆಬ್ರವರಿಯಲ್ಲೂ ಅದೇ ‘ದೀಪ’ಕ್ಕೆ ಬಂತು. ಚಹಾ ಸೋಸುವುದನ್ನು ಅಲ್ಲಿಗೇ ಬಿಟ್ಟೆ. ನಿಜವಾಗಿ ಹುಡುಕಲು ಹೋದವರು ಒಮ್ಮೆ ಬೇಗ ಬರುತ್ತಾರೆ, ಒಮ್ಮೆ ತಡವಾಗಿ. ಪ್ರತಿ ಸಲ ಒಂದೇ ಹೊತ್ತಿಗೆ ಬಂದು ಇಲ್ಲ ಎನ್ನುವವರು ಬಾಗಿಲ ಹೊರಗೆ ನಿಂತಿದ್ದು ವಾಪಸು ಬಂದವರು.

ನಮ್ಮ ಮೇಷ್ಟ್ರು ಸೋಮನಗೌಡ ಸರ್ ಹತ್ತಿರ ಓಡಿದೆ. ಅವರು ಲ್ಯಾಬಿನಲ್ಲಿರುವ ಡೇಟಾಬೇಸಿನ ನಕಲಿನಲ್ಲಿ ಅದೇ ಕ್ವೆರಿ, ಅಂದರೆ ಹುಡುಕಾಟದ ಆಜ್ಞೆ, ಓಡಿಸಿದರು. ಕಣ್ಣು ಮಿಟುಕಿಸುವುದರಲ್ಲಿ ಫಲಿತಾಂಶ ಬಂತು.

“ಓಡ್ತೈತಲ್ಲವಾ, ಕ್ವೆರಿ ಕರೆಕ್ಟ್ ಐತಿ. ಎರರ್ ಎಲ್ಲೈತಿ, ತೋರ್ಸು?”

ತೋರಿಸಲು ನನ್ನ ಬಳಿ ಎರರ್ ಇರಲಿಲ್ಲ. ನಮ್ಮ ಶಾಲೆಯ ಕಟ್ಟುನಿಟ್ಟಿನ ಪದ್ಧತಿ ಹೀಗಿದೆ: ಸೋಮವಾರ ಊಟದ ಹಾಲ್‌ನಲ್ಲಿ ಎಲ್ಲರ ಮುಂದೆ ನಿಂತು ಎರರನ್ನು ಅಕ್ಷರ ಬಿಡದೆ ಗಟ್ಟಿಯಾಗಿ ಓದಬೇಕು. ಓದದೆ ಹಳೆಪದರವನ್ನು ತೆರೆಯುವಂತಿಲ್ಲ. ಅವಸರದಲ್ಲಿ ಕೈ ಹಾಕಿ ಕೆಡಿಸಬಾರದೆಂದು ಹಿರಿಯರು ಮಾಡಿದ ಒಳ್ಳೆಯ ನಿಯಮ ಅದು. ಆದರೆ ಬಾಯಿ ಕಟ್ಟಿಸಿಕೊಂಡ ತಪ್ಪು ಬಂದರೆ ಏನು ಓದುವುದು ಎಂದು ಯಾರೂ ಯೋಚಿಸಿರಲಿಲ್ಲ. ಎರರ್ ಇಲ್ಲ ಎಂದರೆ ಆರೋಗ್ಯ ಎಂದು ನಾವು ತಲೆಮಾರುಗಳಿಂದ ನಂಬಿ ಕೂತಿದ್ದೆವು. ನಮ್ಮವರ ಮೇಲೂ ನನಗೆ ಸಿಟ್ಟಿದೆ, ನಿಮ್ಮೊಬ್ಬರ ಮೇಲೇ ಅಲ್ಲ.

ಸೋಮವಾರ ನಾನು ಎದ್ದು ನಿಂತೆ. ಗೋಡೆಯ ಪರದೆಯಲ್ಲಿ ಆಪಾಳ ಹುಡುಕಾಟ ಶುರು ಮಾಡಿ, ಓದುವ ಬದಲು ಹಾಡಲು ಹಿಡಿದೆ.

“ಏ ಫಸ್ಟ್ ಇಯರ್, ಎರರ್ ಓದಂದ್ರ ಪದಾ ಹಾಡ್ತೀಯಲ್ಲ! ಮುಂದ ಡ್ಯಾನ್ಸೂ ಐತೇನು?” ಎಂದು ಸೀನಿಯರ್ ಒಬ್ಬ ಕೂಗಿದ. ಎಲ್ಲ ನಕ್ಕರು. ‘ದೀಪ’ ಎಂದೆ, ಹಸಿರು ಉತ್ತರ ಬಂತು. ನಮ್ಮ ವಾರ್ಡನ್‌ಗೇ ಮಜ್ಜೆ ಬೇಕೆಂಬಂತೆ ಅವರ ಹೆಸರಿಗೆ ಹುಡುಕಿದೆ. ‘ದೀಪ’, ಯಾರೂ ಇಲ್ಲ. ಕೂಗಿದ ಆ ಸೀನಿಯರ್ ಹೆಸರಿಗೇ ಹುಡುಕಿದೆ. ಅಷ್ಟರಲ್ಲಿ ಫಿರ್ದೋಸ್ ನನ್ನ ಪಕ್ಕ ಬಂದು ನಿಂತು ದನಿ ಸೇರಿಸಿದ್ದಳು. ಕೊನೆಯ ಸಾಲಿಗೆ ಇಡೀ ಹಾಲ್ ಹಾಡುತ್ತಿತ್ತು. ‘ದೀಪ.’ ಯಾರೂ ಇಲ್ಲ. ಈಗ ಯಾರೂ ನಗಲಿಲ್ಲ. ಸೋಮನಗೌಡ ಸರ್ ಕೈಯಲ್ಲಿದ್ದ ರೊಟ್ಟಿ ತಟ್ಟೆಗಿಟ್ಟರು.

“ತೆಗೀರಿ ಪದರ,” ಅಂದರು. ಆಮೇಲೆ ಸಣ್ಣ ದನಿಯಲ್ಲಿ, “ಇದೂ ಎರರ್ ಓದಿದಂಗ ಆತು.”

ತೆಗೆದಾಗ ಕಂಡದ್ದು ಇಷ್ಟು. ದಾನಿಯ ನೋಂದಣಿ ಸಂಖ್ಯೆಯನ್ನು ಒಂದು ಟೇಬಲ್‌ನಲ್ಲಿ ಅಂಕಿಯಾಗಿ, ಇನ್ನೊಂದರಲ್ಲಿ ಬರೀ ಅಕ್ಷರವಾಗಿ ಇಟ್ಟಿದ್ದೀರಿ. ಎರಡನ್ನೂ ಹೋಲಿಸಬೇಕೆಂದರೆ ಒಂದೊಂದು ಸಾಲನ್ನೂ ಮಾರ್ಪಡಿಸಿ ನೋಡಬೇಕು. ಇಂಡೆಕ್ಸ್ ಇದ್ದೂ ಉಪಯೋಗಕ್ಕಿಲ್ಲ. ಪುಟಸೂಚಿ ಇರುವ ಪುಸ್ತಕವನ್ನು ಮೊದಲ ಪುಟದಿಂದ ಮಗುಚಿದ ಹಾಗೆ. ನಮ್ಮ ಲ್ಯಾಬಿನ ನಕಲಿನಲ್ಲಿ ಕೆಲವೇ ನೂರು ಜನ, ಚಿಟಿಕೆಯಲ್ಲಿ ಮುಗಿಯುತ್ತದೆ. ಅಸಲಿನಲ್ಲಿ ಹೆಸರು ಸೇರುತ್ತಾ ಸೇರುತ್ತಾ ಈಗ ಕೋಟಿಗಟ್ಟಲೆ ಜನ. ಅದು ಮುಗಿಯುವ ಮೊದಲೇ ಕಾಲಮಿತಿ ದಾಟಿ ಟೈಮ್‌ಔಟ್ ಆಗುತ್ತದೆ. ಇಲ್ಲಿಯವರೆಗೆ ನಾನು ಕ್ಷಮಿಸಿಯೇನು. ಟೇಬಲ್ ಮಾಡುವಾಗ ಎಲ್ಲರೂ ತಪ್ಪುತ್ತಾರೆ, ನಾನು ಇಂಟರ್ನಲ್ಸ್‌ನಲ್ಲಿ ಇದೇ ತಪ್ಪು ಮಾಡಿದ್ದೇನೆ.

ಆದರೆ ಅದರ ಕೆಳಗಿನ ಸಾಲು! ಟೈಮ್‌ಔಟ್‌ನ ಎರರ್ ಓಡಿ ಬಂದು ‘ನನ್ನ ಕೈಲಿ ಆಗಲಿಲ್ಲ’ ಎಂದು ಕೂಗುವಾಗ ಅದರ ಬಾಯಿ ಮುಚ್ಚಿ, ದಿನಚರಿಯಂಥ ಲಾಗ್‌ನಲ್ಲೂ ಒಂದಕ್ಷರ ಬರೆಯದೆ, ಖಾಲಿ ಪಟ್ಟಿಯನ್ನು ಮುಂದೆ ದಾಟಿಸಿದ್ದೀರಿ. ಖಾಲಿ ಪಟ್ಟಿ ಕಂಡ ಪರದೆ, ಪಾಪ, ಯಾರೂ ಇಲ್ಲ ಎಂದು ನಂಬಿ ಹೂವಿನ ಚಿತ್ರ ಹಾಕಿತು. ಪಕ್ಕದಲ್ಲಿ ನಿಮ್ಮದೇ ಟಿಪ್ಪಣಿ: ‘ಸದ್ಯಕ್ಕೆ ಹೀಗಿರಲಿ, ಡೆಮೊ ಮುಗಿದ ಮೇಲೆ ನೋಡೋಣ.’ ನಿಮಗೆ ಗೊತ್ತಿರಲಿ, ನಮ್ಮ ಹಾಸ್ಟೆಲ್ಲಿನಲ್ಲಿ ‘ಸದ್ಯಕ್ಕೆ’ ಎನ್ನುವುದು ಈಗ ಬೈಗುಳ. ಚಿಕ್ಕವರ ಮುಂದೆ ಆಡಿದರೆ ವಾರ್ಡನ್ ದಂಡ ಹಾಕುತ್ತಾರೆ.

ಸರ್ ನಂಬರುಗಳನ್ನು ಒಂದೇ ಬಗೆಗೆ ತಂದರು. ನಾನು ಬಾಯಿ ಮುಚ್ಚಿಸುವ ಸಾಲನ್ನು ಅಳಿಸಿದೆ. ಆಪಾ ಪದ ಶುರು ಮಾಡುವ ಮೊದಲೇ ಪರದೆಯ ಮೇಲೆ ಒಂದು ಹೆಸರು ಬಂತು.

“ಹಂಗಾರ ನನ್ನ ರಾಣಿ ಪದವಿ ಹೋತು,” ಎಂದಳು. ಆಮೇಲೆ ಆ ಹೆಸರನ್ನು ಎರಡು ಸಲ ಗಟ್ಟಿಯಾಗಿ ಓದಿದಳು.

ಆ ಹೆಸರು ಕಸ್ತೂರೆವ್ವನದು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ತೂಕ ಮಾಡುವಾಕೆ. ಮರುದಿನವೇ ಬಸ್ಸು ಹತ್ತಿ ಬಂದಳು, ಸೆರಗಿನಲ್ಲೆಲ್ಲ ಖಾರದ ಘಾಟು. ಬಂದವಳು ಮೊದಲು ಕೇಳಿದ್ದು ಇದು: “ಹೆಸರು ಕೊಟ್ಟು ಕಾಯ್ಕೊಂತ ಕುಂತಿದ್ನೆವ್ವಾ, ಯಾರೂ ಕರೀಲೇ ಇಲ್ಲ. ನನ್ನ ರಕ್ತ ಯಾರಿಗೂ ಬ್ಯಾಡಾಗೇತೇನೋ ಅಂದ್ಕೊಂಡಿದ್ದೆ.” ನಿಮ್ಮ ಒಂದು ಸಾಲು ಇಬ್ಬರಿಗೆ ಸುಳ್ಳು ಹೇಳಿತ್ತು. ಒಬ್ಬಳಿಗೆ ನಿನಗೆ ಯಾರೂ ಇಲ್ಲ ಎಂದು, ಇನ್ನೊಬ್ಬಳಿಗೆ ನೀನು ಯಾರಿಗೂ ಬೇಡ ಎಂದು.

ನಾಳೆ ಮಜ್ಜೆ ಹಾಕುತ್ತಾರೆ. ಡಾಕ್ಟರು, ‘ಎರಡು ವರ್ಷದ ಹಿಂದೆಯೇ ಆಗಿದ್ದರೆ ಗ್ಯಾರಂಟಿ ಕೊಡುತ್ತಿದ್ದೆ, ಈಗ ಮೈ ಸೋತಿದೆ, ಬದುಕುತ್ತಾಳೋ ಇಲ್ಲವೋ ಗೊತ್ತಿಲ್ಲ’ ಎಂದು ಹೇಳಿದರು. ಫಿರ್ದೋಸ್‌ಗೆ ಅದನ್ನು ಕೇಳಿ ಕಷ್ಟವಾಯಿತು. ನನಗೂ ಆಯಿತು. ಆದರೆ ಈ ಎರಡು ವರ್ಷದಲ್ಲಿ ಆಪಾಗೆ ಸಿಕ್ಕ ಮೊದಲ ನಿಜವಾದ ಉತ್ತರ ಅದೇ. ಗೊತ್ತಿಲ್ಲದ್ದನ್ನು ಒಬ್ಬರು ಗೊತ್ತಿಲ್ಲ ಎಂದರು.

ಈ ಕಾಗದ ಅವಳಿಗೆ ಏನೂ ಮಾಡದು, ಆಗಲೇ ಹೇಳಿದೆ. ಆದರೆ ನಿಮ್ಮ ದಾರಿಯಲ್ಲೂ ಯಾವಳೋ ಒಬ್ಬಳು ಪರದೆಯ ಮುಂದೆ ಕೂತು ಪದ ಹಾಡುತ್ತಿರುತ್ತಾಳೆ. ಡೆಮೊ ಕೆಟ್ಟರೆ ಕೆಡಲಿ, ಮ್ಯಾನೇಜರ್ ಬೈದರೆ ಬೈಯಲಿ. ಪರದೆ ಕೆಂಪಾಗಲಿ, ಎರರ್ ಕಿರುಚಲಿ. ಹುಡುಕಲು ಆಗದಿದ್ದರೆ ಆಗಲಿಲ್ಲ ಎಂದೇ ಬರೆಯಿರಿ. ‘ಇಲ್ಲ’ ಎನ್ನುವ ಮಾತನ್ನು ಕೊನೆಯವರೆಗೆ ಹುಡುಕಿ ಬಂದವರಿಗೆ ಬಿಡಿ.

ಇಂತಿ,
ಕಾಳಿಂದಿ