ಎಂಬತ್ತನಾಲ್ಕು ದಿನ ಹೆಚ್ಚಾದವಳು

ಹೊಸಬೆಟ್ಟು, ಮಂಗಳೂರು
12 ಫೆಬ್ರವರಿ 2026

ಪ್ರೀತಿಯ ಮಗಳು ಅಪ್ಪಿಗೆ,

ಅಮ್ಮನ ಆಶೀರ್ವಾದ. ನಾನೂ ಅಪ್ಪನೂ ಚೆನ್ನಾಗಿದ್ದೇವೆ. ನನ್ನ ಮೊಣಕಾಲು ಮಾತ್ರ ಎಂದಿನಂತೆ ಹೇಳಿದ ಮಾತು ಕೇಳುವುದಿಲ್ಲ. ಭಾನುವಾರ ನೀನು ಫೋನು ಮಾಡಿದಾಗ ನಡುವೆ ಕಟ್ ಮಾಡಿದ್ದು ನಾನೇ, ನೆಟ್‌ವರ್ಕ್ ಅಲ್ಲ. ಕಾಗದ ಬರೆಯುವುದಕ್ಕೂ ನಾಲ್ಕು ದಿನ ತಡ ಮಾಡಿದೆ, ಕ್ಷಮಿಸು. ಆ ಕೋಲ್ಕತ್ತಾದ ಕ್ಯಾಂಪಿನಲ್ಲಿ ವಾರಕ್ಕೆ ಅರ್ಧ ಗಂಟೆ ಮಾತ್ರ ಫೋನು ಕೊಡುವುದು ಒಳ್ಳೆಯದೇ. ಮಾತಾಡಿದರೆ ನಾನು ಬಯ್ಯುತ್ತೇನೆ, ನೀನು ಅಳುತ್ತೀ. ನಮ್ಮ ಮಾತು ತುಳುವಾದರೂ ನನಗೆ ಬರೆಯಲು ಬರುವುದು ಕನ್ನಡವೇ, ತಪ್ಪಿದ್ದರೆ ತಿದ್ದಿಕೊಂಡು ಓದು.

ನೀನು ಹೇಳಿದ್ದು ನನಗೆ ಅರ್ಥವಾಗಿದೆ. ಇಪ್ಪತ್ತು ವರ್ಷದೊಳಗಿನ ಹುಡುಗಿಯರ ಭಾರತ ರಗ್ಬಿ ತಂಡಕ್ಕೆ ನಿನ್ನನ್ನು ಆರಿಸಿದ್ದರು. ಆಮೇಲೆ ಮ್ಯಾನೇಜರು ಜನನ ಪ್ರಮಾಣಪತ್ರ ನೋಡಿ, ನೀನು ಎಂಬತ್ತನಾಲ್ಕು ದಿನ ಹೆಚ್ಚಾದವಳು ಎಂದು ಹರ್ಷಿತಾ ಎಂಬ ಹೆಸರನ್ನು ಪಟ್ಟಿಯಿಂದ ಹೊಡೆದು ಹಾಕಿದರು. ಬೇಕಿದ್ದರೆ ಇಪ್ಪತ್ತೆಂಟನೇ ತಾರೀಕಿಗೆ ದೊಡ್ಡವರ ತಂಡದ ಟ್ರಯಲ್‌ಗೆ ನಿಲ್ಲು ಎಂದರು. ನೀನು ಒಲ್ಲೆ ಎಂದು ಇಪ್ಪತ್ತನೇ ತಾರೀಕಿನ ಟ್ರೈನಿಗೆ ಟಿಕೆಟ್ ಮಾಡುತ್ತೀಯಂತೆ.

ಮಾಡಬೇಡ. ನೀನು ಬಂದರೆ ಬಾಗಿಲು ತೆಗೆಯುತ್ತೇನೆ, ಬಂಗುಡೆ ಸಾರು ಮಾಡಿ ಬಡಿಸುತ್ತೇನೆ. ಆದರೆ ನಿನ್ನ ಹತ್ತಿರ ಒಂದು ಮಾತೂ ಆಡುವುದಿಲ್ಲ.

ದೊಡ್ಡವರ ನಡುವೆ ನಾನು ಪುಡಿಯಾಗುತ್ತೇನೆ ಎಂದೆಯಲ್ಲ, ಅದನ್ನು ನಾನು ಸೆಡ್ರಿಕ್ ಪೊರ್ಬುಗಳ ಹತ್ತಿರ ಹೇಳಿದೆ. ದುಬೈಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿ, ವರ್ಷವೂ ಅಲ್ಲಿನ ರಗ್ಬಿ ನೋಡಿ ಬಂದವರು. ಈಗ ಕಂಕನಾಡಿ ಮಾರ್ಕೆಟಿನಲ್ಲಿ ದಿನಾ ನನ್ನ ಹತ್ತಿರ ಮೀನು ಕೊಳ್ಳುವಾಗ ಜಗತ್ತಿನ ಎಲ್ಲ ತಂಡಗಳ ಜಾತಕ ಹೇಳುತ್ತಾರೆ. "ಎಂತ ಹೇಳ್ತೀರಿ ಜಲಜಕ್ಕ! ನ್ಯೂಜಿಲೆಂಡಿನ ದೊಡ್ಡ ಹೆಂಗಸರ ತಂಡದಲ್ಲಿ ಹದಿನೆಂಟರ ಹುಡುಗಿ ಆಡಿದ್ದಾಳೆ. ಇಂಗ್ಲೆಂಡಿನವರು ಹೋದ ವರ್ಷ ವಿಶ್ವಕಪ್ ಗೆದ್ದರು. ಆದರೂ ಹೊಸ ಹುಡುಗಿಯರನ್ನು ಹುಡುಕುವುದು ಬಿಟ್ಟಿದ್ದಾರಾ? ಫಿಜಿ ಅಂದರೆ ಎಷ್ಟು? ನಮ್ಮ ಜಿಲ್ಲೆಯ ಅರ್ಧ ಜನ ಇಲ್ಲ ಅಲ್ಲಿ. ಗಂಡಸರು ಒಲಿಂಪಿಕ್ಸ್‌ನಲ್ಲಿ ಎರಡು ಸಲ ಚಿನ್ನ ತಂದರು!" ಮಾತಿನ ಭರದಲ್ಲಿ ಅವರು ಒಂದು ಅಂಜಲ್ ಮೀನನ್ನು ಚೆಂಡಿನ ಹಾಗೆ ಕಂಕುಳಲ್ಲಿ ಇಟ್ಟುಕೊಂಡು ತೋರಿಸಿದರು. ಅಂಗಿ ಹಾಳಾಯಿತು, ಮೀನು ಅವರೇ ಕೊಂಡರು.

ಜಪಾನಿನವರ ಕತೆಯನ್ನಂತೂ ನಾನು ಅವರಿಂದ ಮೂರು ಸಲ ಹೇಳಿಸಿದೆ. ದಕ್ಷಿಣ ಆಫ್ರಿಕಾದ ಎದುರು ಕೊನೆಯ ನಿಮಿಷ, ಮೂರು ಅಂಕ ಕಮ್ಮಿ. ಒಂದು ಕಿಕ್ ಹೊಡೆದರೆ ಪಂದ್ಯ ಸಮ, ಮರ್ಯಾದೆಯಲ್ಲಿ ಮನೆಗೆ ಹೋಗಬಹುದಿತ್ತು. ಅವರು ಕಿಕ್ ಬೇಡವೆಂದು ಹೆಗಲಿಗೆ ಹೆಗಲು ಕೊಟ್ಟು ನೂಕುವ ಸ್ಕ್ರಮ್ ಕೇಳಿದರಂತೆ, ತಮಗಿಂತ ಅಷ್ಟು ದೊಡ್ಡ ಗಂಡಸರನ್ನು ಎದುರಿಗೆ ನೂಕಿ ಗೆದ್ದರಂತೆ. ನನಗೆ ಜಪಾನ್ ಎಲ್ಲಿದೆ ಎಂದು ಸರಿಯಾಗಿ ಗೊತ್ತಿಲ್ಲ, ಆದರೆ ಅವರು ನಮ್ಮವರೇ.

ಇನ್ನು ಇಲ್ಲಿಯದು. ಸುದ್ದಿ ಕೇಳಿ ಅಪ್ಪನ ತಮ್ಮ ಪೃಥ್ವಿರಾಜ್ ಮೊನ್ನೆ ಮನೆಗೆ ಬಂದಿದ್ದ. "ಎಂತ ಅತ್ತಿಗೆ, ಒಂದು ತಾರೀಕು ಅಲ್ವಾ? ನನ್ನ ಗುರ್ತದವನು ಒಬ್ಬ ಇದ್ದಾನೆ. ನಾಡಿದ್ದು ಹೊಸ ಸರ್ಟಿಫಿಕೇಟ್ ಕೈಗೆ ಕೊಡ್ತೇನೆ" ಎಂದ. "ನೀನು ಚಾ ಕುಡಿದು ಹೋಗು ಮಾರಾಯ. ಈ ಮನೆಗೆ ಇನ್ನು ಸುಳ್ಳು ಕಾಗದ ಬೇಡ" ಎಂದೆ. ಅಪ್ಪ ಕೈ ತೊಳೆದು, ಆ ದಿನ ರಜೆ ಇದ್ದರೂ ಬೈಕಂಪಾಡಿಯ ಗೋದಾಮಿಗೆ ಹೋಗಿಬಿಟ್ಟರು.

ನೆರೆಮನೆಯವರು ಇನ್ನಾದರೂ ಹುಡುಗಿಗೆ ಮೈಕೈ ಮುರಿದುಕೊಳ್ಳುವ ಹುಚ್ಚು ಬಿಡಿಸಿ ಎನ್ನುತ್ತಾರೆ. ನಾನು ಬಿಡಿಸುವುದಿಲ್ಲ. ನೀನು ಒಂದನೇ ತರಗತಿಯಿಂದಲೂ ಎಲ್ಲರಿಗಿಂತ ಕುಳ್ಳಿ. ಮೇಲಿನಿಂದ ಹಿಡಿಯಲು ಆಗದೆ ಕಾಲಿಗೆ ಬಿದ್ದು ಉರುಳಿಸುವುದನ್ನು ಅಂದೇ ಕಲಿತವಳು. ನಿನಗೆ ಯಾವತ್ತು ನಿನ್ನಷ್ಟೇ ಎತ್ತರದವರು ಎದುರಾಗಿದ್ದಾರೆ ಹೇಳು? ಕಾಗದ ಓದಿ ಮೀನು ಆರಿಸುವವರನ್ನು ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ. ಇಪ್ಪತ್ತೆಂಟಕ್ಕೆ ಅವರು ಕಾಗದ ಬದಿಗಿಟ್ಟು ನಿನ್ನನ್ನು ನೋಡಲಿ.

ಹಲ್ಲಿಗೆ ಇಡುವ ಗಾರ್ಡ್ ಮರೆಯಬೇಡ. ಅನ್ನ ಸೇರದಿದ್ದರೆ ಮೊಟ್ಟೆಯಾದರೂ ತಿನ್ನು. ದೇವರು ನಿನ್ನ ಎಲುಬು ಗಟ್ಟಿಯಾಗಿಡಲಿ, ಉಳಿದದ್ದನ್ನು ನೀನೇ ನೋಡಿಕೊಳ್ಳುತ್ತೀ.

ನಿನ್ನ ಅಮ್ಮ,
ಜಲಜಾಕ್ಷಿ

ವಿ.ಸೂ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. "ಅಮ್ಮ, ನಾನು ನಿಜವಾಗಿ ಹುಟ್ಟಿದ್ದು ಯಾವಾಗ?" ಎಂದು ನೀನು ಕೇಳಿದ್ದಕ್ಕೇ ನಾನು ಫೋನು ಕಟ್ ಮಾಡಿದ್ದು. 2007ರ ಜನವರಿ ಹದಿನಾಲ್ಕಕ್ಕೆ. ಆ ಪ್ರಮಾಣಪತ್ರ ನಿನ್ನದಲ್ಲ, ನಿನ್ನ ಅಕ್ಕನದು. ಹರ್ಷಿತಾ ಎಂಬುದು ಅವಳ ಹೆಸರು. ಐದು ತಿಂಗಳ ಮಗು, ಜ್ವರದಲ್ಲಿ ಹೋದಳು. ಆಮೇಲೆ ಅಜ್ಜಿಮನೆಯಲ್ಲಿ ಹುಟ್ಟಿದ ನಿನ್ನನ್ನು ನಾವು ಎಲ್ಲಿಯೂ ಬರೆಸಲಿಲ್ಲ, ಹೆಸರೂ ಇಡಲಿಲ್ಲ. ಎಲ್ಲರಿಗೂ ನೀನು ಬರೇ ಅಪ್ಪಿ. ಉಳಿದ ಮಕ್ಕಳನ್ನು ದೂಡಿ ಹಾಕುತ್ತಾಳೆ ಎಂದು ಅಂಗನವಾಡಿಯಿಂದ ನಿನ್ನನ್ನು ಕಳುಹಿಸಿದಾಗ ನಿನಗೆ ನಾಲ್ಕೂವರೆಯೂ ಆಗಿರಲಿಲ್ಲ, ನಾನು ಮೀನಿನ ಬುಟ್ಟಿ ಹೊತ್ತು ಹೋಗಬೇಕಿತ್ತು. ಅವಳ ಕಾಗದ ತೋರಿಸಿ ನಿನ್ನನ್ನು ಶಾಲೆಗೆ ಸೇರಿಸಿದೆ. ದಿನಾ ಹಾಜರಿ ಕೂಗುವಾಗ ಆ ಹೆಸರಿಗೆ ಒಂದು ಮಗು ಎದ್ದು ನಿಲ್ಲುತ್ತದಲ್ಲ ಎಂದು ನನಗೆ ಸಮಾಧಾನವಿತ್ತು. ಅದನ್ನು ಸರಿ ಮಾಡಿಸಬೇಕಾದರೆ ಅವಳು ಸತ್ತಳೆಂದು ನನ್ನ ಕೈಯಾರೆ ಬರೆದು ಕೊಡಬೇಕು. ಹದಿನೈದು ವರ್ಷ ನನ್ನಿಂದ ಅದು ಆಗಲಿಲ್ಲ. ಸೋಮವಾರ ನಾನೂ ಅಪ್ಪನೂ ವಕೀಲರ ಹತ್ತಿರ ಹೋಗುತ್ತೇವೆ, ಆದರೆ ಅದು ಮುಗಿಯುವಾಗ ಈ ಸಲದ ತಂಡ ಹೊರಟು ಹೋಗಿರುತ್ತದೆ. ನಿನ್ನ ಜಾಗ ಕಸಿದದ್ದು ಮ್ಯಾನೇಜರಲ್ಲ, ನಾನು. ಸಿಟ್ಟೆಲ್ಲ ನನ್ನ ಮೇಲಿರಲಿ, ನೀನು ಮೈದಾನಕ್ಕೆ ಇಳಿ. ಹೊಸ ಕಾಗದದಲ್ಲಿ ನಿನಗೆ ಏನು ಹೆಸರು ಬರೆಸಲಿ, ನೀನೇ ಹೇಳು.