ಸಿಡಿಲು ಸುಬೇದಾರನ ಕೊನೆಯ ಹಾಳೆ

ಉಳವಪ್ಪಣ್ಣಾ,

ನಿನ್ನ ಸಿಡಿಲು ಸುಬೇದಾರ ಮತ್ತೆ ಬಂದಿದ್ದಾನೆ. ಹಿಮದ ಗಡಿಯಿಂದ ನಿನ್ನ ಟ್ರಂಕು ಮಾತ್ರ ನಮ್ಮ ಬಂಗೂರನಗರದ ಮನೆಗೆ ಬಂತಲ್ಲ, ಆ ವರ್ಷವೇ ನಿಂತುಹೋಗಿದ್ದ ಚಿತ್ರಕಥೆ ಈಗ ಹೊಸದಾಗಿ ಶುರುವಾಗಿದೆ. ಅಪ್ಪ ಮಿಲ್ಲಿನಿಂದ ಬರುವಾಗ ಪುಸ್ತಕ ಕೊಂಡು ತಂದು ನನ್ನ ಮುಂದಿಟ್ಟ. ಎದೆಯ ಮೇಲೆ ಅದೇ ತ್ರಿವರ್ಣ, ಗುಂಡು ನಾಟದ ಅದೇ ಮೈ. ಮೀಸೆ ಮಾತ್ರ ತೆಗೆದುಬಿಟ್ಟಿದ್ದಾರೆ. ನನಗೆ ಸಿಟ್ಟೇ ಬಂತು.

ಅವ್ವ ಜೋಳ ಹಸನು ಮಾಡುತ್ತ, "ಉಳವಪ್ಪ ಓದತಿದ್ದನಲ್ಲ, ಹಂಗ ಓದು," ಅಂದಳು. ಓದಿದೆ. ಶತ್ರುಗಳ ಠಾಣೆ ಉರಿಯಿತು, ಸುಬೇದಾರ ಮೋಡದೊಳಗೆ ಹಾರಿಹೋದ, ಕಥೆ ಮುಗಿಯಿತು.

ಅವ್ವ ಮೊರ ಕೆಳಗಿಟ್ಟಳು. "ಮನಿಗೆ ಬರ್ಲಿಲ್ಲೇನ? ಅವನ ಅವ್ವ ನೀರು-ಬೆಲ್ಲ ಕೊಡ್ಲಿಲ್ಲೇನ?"

ಹಾಳೆ ಹಿಂದುಮುಂದು ತಿರುವಿದೆ. ಟ್ರಂಕಿನಲ್ಲಿದ್ದ ನಿನ್ನ ಹಳೆಯ ಪುಸ್ತಕಗಳನ್ನೂ ತೆಗೆದು ನೋಡಿದೆ. ಒಂದರಲ್ಲೂ ಅವನು ಮನೆಗೆ ಬಂದಿಲ್ಲ. ಅವನಿಗೆ ಅವ್ವನೇ ಇಲ್ಲ. ಅವ್ವನಿಗೆ ಓದುವಾಗ ಹಾಳೆಯಲ್ಲಿ ಇಲ್ಲದ್ದನ್ನು ಸೇರಿಸಿ, ಪ್ರತಿ ಸಲ ಅವನನ್ನು ಮನೆಗೆ ಕರೆತರುತ್ತಿದ್ದವನು ನೀನೇ!

ಶಾಲೆ ಬಿಡಿಸಿದ್ದ ನನಗೆ ನೀನು ಇವೇ ಪುಸ್ತಕ ಹಿಡಿದು ಓದಲು ಕಲಿಸಿದೆ. ಹೀಗೂ ಓದಬಹುದು ಅಂತ ಮಾತ್ರ ಹೇಳಿರಲಿಲ್ಲ. ಅದನ್ನೂ ಇವತ್ತು ಕಲಿಸಿದೆಯಲ್ಲ, ನಿನಗೆ ಕೈ ಮುಗಿಯುತ್ತೇನೆ.

ಕೊನೆಯ ಹಾಳೆಯ ಮೇಲೆ ಬೆರಳಿಟ್ಟು ಓದಿದೆ: ಸುಬೇದಾರ ಬಾಗಿಲಲ್ಲಿ ಬೂಟು ಕಳಚಿದ. "ಯವ್ವಾ, ನಾ ಬಂದೆ," ಅಂದ.

ನಮ್ಮ ಅವ್ವ ಬಾಗಿಲ ಕಡೆ ನೋಡಿ, "ಬಾರೋ ನನ್ನಪ್ಪಾ," ಅಂದಳು.

ನಿನ್ನ ತಂಗಿ
ಶಂಕ್ರೆವ್ವ